ಬೆಂಕಿ ಬಿದ್ದಾಗ ಫೋನ್ ಎಂಗೇಜ್

ಹೋದ ಬೇಸಿಗೆಯಲ್ಲಿ ಸಂತೆಕಲ್ಲೂರಿನ ನಮ್ಮ ಓಣಿ ಹಿಂದೆ ಮೇವಿನ ಬಣವೆಗೆ ಬೆಂಕಿ ಬಿತ್ತು. ರಜೆಗೆ ಹೋಗಿದ್ದ ನಾನೂ ಕೊಡ ಹಿಡಿದು ಓಡಿದೆ. 112ಕ್ಕೆ ಕರೆ ಹೋಯ್ತು. ಆದರೆ ಗಾಡಿ ಬರೋ ತನಕ ಊರ ಹುಡುಗರೇ ಅಗ್ನಿಶಾಮಕ ದಳ. ನೀರಿನ ಟ್ಯಾಂಕರ್ ಇದ್ದ ಅಣ್ಣನಿಗೆ ಹತ್ತು ಜನ ಒಟ್ಟಿಗೇ ಫೋನ್ ಹಚ್ಚಿದ್ವಿ. ಬರೀ ಎಂಗೇಜ್! ಅಷ್ಟರಲ್ಲಿ ಗಾಳಿ ತಿರುಗಿ ಪಕ್ಕದ ಬಣವೆಯೂ ಹೋಯ್ತು. ಅದು ಒಂದು ಜೋಡಿ ಎತ್ತಿನ ವರ್ಷದ ಮೇವು.

ಫೋನ್ ಒಬ್ಬರಿಂದ ಒಬ್ಬರಿಗೆ. ವಾಕಿಟಾಕಿಯಲ್ಲಿ ಒಬ್ಬ ಗುಂಡಿ ಒತ್ತಿ ಮಾತಾಡಿದರೆ ಅದೇ ಚಾನೆಲ್‌ನಲ್ಲಿರೋ ಎಲ್ಲರಿಗೂ ಕೇಳುತ್ತೆ. ಟವರ್ ಬೇಡ, ನಂಬರ್ ಹುಡುಕೋದು ಬೇಡ. 2018ರಿಂದ 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಆನ್‌ಲೈನ್‌ನಲ್ಲಿ ಸಿಗೋದೆಲ್ಲ ಈ ಬ್ಯಾಂಡಿನದ್ದಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು. ಕೊಳ್ಳೋ ಮುಂಚೆ ಫ್ರೀಕ್ವೆನ್ಸಿ, ಇಟಿಎ ಪ್ರಮಾಣಪತ್ರ ಎರಡೂ ನೋಡಿ.

ನಾನು ಆರು ಸೆಟ್ ಕೊಡಿಸ್ತೀನಿ ಅಂದೆ. ದೊಡ್ಡಪ್ಪ ಒಂದೇ ಮಾತು ಕೇಳಿದ್ರು: "ಕೊಡ್ಸು. ದಿನಾ ಚಾರ್ಜ್ ಹಾಕೋರು ಯಾರು?"

ಆಫೀಸಲ್ಲಿ ನಾವು ಇದನ್ನೇ ಆನ್‌ಕಾಲ್ ಅಂತೀವಿ. ಈಗ ಆರು ಮನೆಯ ಹೆಸರು ಬರೆದು ಕಿರಾಣಿ ಅಂಗಡಿ ಗೋಡೆಗೆ ಅಂಟಿಸಿದ್ದೀವಿ. ಪ್ರತಿ ಸಂತೆ ದಿನ ಸಂಜೆ ಒಬ್ಬೊಬ್ಬರೇ "ಕೇಳ್ತದ" ಅನ್ನಬೇಕು. ಮೊದಲ ವಾರ ನಾಲ್ಕೇ ದನಿ ಬಂದ್ವು. ಉಳಿದ ಎರಡು ಮನೆಗೆ ದೊಡ್ಡಪ್ಪ ತಾವೇ ನಡೆದು ಹೋದ್ರು.