ಕಟ್ಟಡದ ಕಾಗದಕ್ಕೆ ಕನ್ನಡ ಬಾರದೇ?

ಅಹಮದಾಬಾದಿನ ಪಶ್ಚಿಮ ಭಾಗದಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯಿದೆ. ದೇವರ ಹೆಸರಲ್ಲ, ರಾಜಕಾರಣಿಯ ಹೆಸರೂ ಅಲ್ಲ. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಪಕ್ಕದಲ್ಲಿರುವುದರಿಂದ ಬಂದ ಹೆಸರು. ಇವತ್ತು ಅಲ್ಲಿ ಹೋಗಿ ನಿಂತವರಿಗೆ ಉಪಗ್ರಹ ನೆನಪಾಗುವುದಿಲ್ಲ, ಬಹುಮಹಡಿ ಕಟ್ಟಡಗಳೇ ಕಾಣುತ್ತವೆ. ಆದರೆ ಕನ್ನಡಿಗರು ಆ ನೆರೆಹೊರೆಯನ್ನು ನೆನೆಯಲು ಒಂದು ಒಳ್ಳೆಯ ಕಾರಣವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ, ಅಹಮದಾಬಾದಿನ ಭೂಕೇಂದ್ರದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳು ಹೋದವು. 'ಸೈಟ್' ಎಂದು ಹೆಸರಾದ ಪ್ರಯೋಗ ಅದು. ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯಿಂದ ಮಾಡಿದ ದೊಡ್ಡ ಬಾಣಲೆಯಂಥ ಆಂಟೆನಾ, ಊರವರೆಲ್ಲ ಕೂತು ನೋಡುವ ಒಂದು ಟಿವಿ. ಒಂದೇ ಚಿತ್ರದ ಜೊತೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಏರ್ಪಾಡೂ ಅದರಲ್ಲಿತ್ತು.

ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಬಗ್ಗೆ ಸರ್ಕಾರಕ್ಕೆ ಹೇಳಬೇಕಾದ್ದಿತ್ತು. ರಾಯಚೂರಿನ ರೈತನಿಗೆ ಅದು ಕನ್ನಡದಲ್ಲಿ ಮುಟ್ಟದಿದ್ದರೆ ಮುಟ್ಟಿದ ಹಾಗಲ್ಲ ಎಂಬುದು ಅಂದಿನ ಎಂಜಿನಿಯರುಗಳಿಗೂ ಗೊತ್ತಿತ್ತು. ಅದಕ್ಕಾಗಿ ಬಾಹ್ಯಾಕಾಶದ ದಾರಿಯನ್ನೇ ಹಿಡಿದರು.

ನಲವತ್ತೈದು ವರ್ಷದ ಮೇಲೆ ಅದೇ ಕೇಂದ್ರ ಸರ್ಕಾರ ಇನ್ನೊಂದು ವಿಷಯ ಹೇಳಬೇಕಾಗಿ ಬಂತು. ಅಣೆಕಟ್ಟು, ಗಣಿ, ಕಾರ್ಖಾನೆ, ದೊಡ್ಡ ಕಟ್ಟಡಗಳಿಗೆಲ್ಲ ಪರಿಸರ ಅನುಮತಿ ಕೊಡುವ ನಿಯಮವನ್ನೇ ಬದಲಿಸುವ ಕರಡು, 2020ರ ಇಐಎ ಅಧಿಸೂಚನೆ. ಜನ ಆಕ್ಷೇಪಣೆ ಸಲ್ಲಿಸಬಹುದು ಎಂದರು. ಕರಡು ಇದ್ದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. 2020ರ ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅದನ್ನು ಹತ್ತು ದಿನದೊಳಗೆ ಅನುವಾದಿಸಿ ಪ್ರಚುರಪಡಿಸಿ ಎಂದು ಆದೇಶಿಸಿತು. ಆಗಸ್ಟ್ 5ರಂದು ಕರ್ನಾಟಕ ಹೈಕೋರ್ಟ್, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಕೇಂದ್ರ ಏನು ಮಾಡಿತು? ಅನುವಾದಕರನ್ನು ಕರೆಸಲಿಲ್ಲ, ವಕೀಲರನ್ನು ಕರೆಸಿತು. ರಾಜಭಾಷಾ ಕಾಯ್ದೆಯ ಪ್ರಕಾರ ಹಿಂದಿ, ಇಂಗ್ಲಿಷ್ ಎರಡರಲ್ಲಿ ಪ್ರಕಟಿಸಿದರೆ ಸಾಕು ಎಂದು ವಾದಿಸಿತು. ಜೊತೆಗೆ ಮತ್ತೊಂದು ಮಾತು: ಸ್ಥಳೀಯ ಭಾಷೆಗಳಿಗೆ ಅನುವಾದಿಸಿದರೆ ಪದಗಳ ಅರ್ಥ ಮಸುಕಾಗುತ್ತದೆ, ಕಳೆದುಹೋಗಲೂಬಹುದು. ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ದೆಹಲಿಯ ಆದೇಶದಲ್ಲಿ ತಲೆಹಾಕಲು ಒಪ್ಪದೆ, ಬೇಕಿದ್ದರೆ ಅಲ್ಲೇ ಮರುಪರಿಶೀಲನೆ ಕೇಳಿ ಎಂದು ಕಳುಹಿಸಿತು. ಆ ಕರಡು ಮುಂದೆ ಅಂತಿಮಗೊಳ್ಳಲೇ ಇಲ್ಲ, ಅದು ಬೇರೆ ಕಥೆ. ಆದರೆ ಆ ವಾದ ಸತ್ತಿಲ್ಲ. ಇವತ್ತಿಗೂ ಪ್ರತಿಯೊಂದು ಕಟ್ಟಡದ ಕಡತದಲ್ಲೂ ಅದು ಬದುಕಿದೆ.

ಕಡತ ಎಂದರೆ ಏನೇನು ಎಂಬುದನ್ನು ಹೇಳಬೇಕು. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರ ಅಡಿ ಮುಟ್ಟಿದರೆ, 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆಯಂತೆ ಬಿಲ್ಡರ್ ಪರಿಸರ ಅನುಮತಿ ಪಡೆಯಬೇಕು. ರಾಜ್ಯ ಮಟ್ಟದ ಪ್ರಾಧಿಕಾರವೇ ಕೊಡುತ್ತದೆ. ಅದರ ಮೇಲೆ 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ಕಟ್ಟಿ ಮುಗಿದ ಮೇಲೆ ಚಾಲನಾ ಸಮ್ಮತಿ. ಬೋರ್‌ವೆಲ್‌ಗೆ ಒಂದು, ಮರ ಕಡಿಯಲು ಒಂದು, ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ್ದೊಂದು. ಕಟ್ಟಡ ತ್ಯಾಜ್ಯಕ್ಕೂ 2016ರಲ್ಲಿ ನಿಯಮ ಬಂತು. ಇದು ಬಿಲ್ಡರುಗಳಿಗೆ ಕಿರಿಕಿರಿ ಎಂಬುದು ನಿಜ, ಮತ್ತು ಅವರ ಗೊಣಗಾಟದಲ್ಲಿ ಅರ್ಧ ನ್ಯಾಯವೂ ಇದೆ: ಒಂದೇ ನೀರಿನ ಲೆಕ್ಕವನ್ನು ಮೂರು ಕಚೇರಿಗೆ ಮೂರು ನಮೂನೆಯಲ್ಲಿ ಬರೆದುಕೊಡುವುದರಿಂದ ಕೆರೆಗೆ ಏನೂ ಲಾಭವಿಲ್ಲ.

ಜನರ ಪಾಲು ಎಲ್ಲಿದೆ? ಗಣಿಗಾದರೆ ಸಾರ್ವಜನಿಕ ಅಹವಾಲು ಸಭೆಯಿದೆ. ಅಲ್ಲಿ ಕೂಡ ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ. ಸ್ಥಳೀಯ ಭಾಷೆಗೆ ಬರಲೇಬೇಕಾದದ್ದು ಸಾರಾಂಶ ಮಾತ್ರ. ಕಟ್ಟಡಗಳಿಗೆ ಆ ಸಭೆಯೂ ಇಲ್ಲ. 2006ರ ಅಧಿಸೂಚನೆಯೇ ಅವನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಪಕ್ಕದ ಮನೆಯವರ ಬಾವಿ ಬತ್ತಿದರೂ, ಮುಂದಿನ ಕೆರೆಗೆ ಕೊಳಚೆ ಬಿದ್ದರೂ, ಮೊದಲೇ ಕೇಳುವ ಹಕ್ಕು ಅವರಿಗಿಲ್ಲ. ಅನುಮತಿ ಸಿಕ್ಕ ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯದ್ದಾಗಿರುವಂತೆ, ಜಾಹೀರಾತು ಕೊಡಬೇಕೆಂಬ ಷರತ್ತಿದೆ. ಕನ್ನಡಕ್ಕೆ ಸಿಗುವ ಜಾಗ ಅಷ್ಟೇ: ಅಂಗೈ ಅಗಲದ ಚೌಕ. ಅನುಮತಿ ಸಿಕ್ಕಿದೆ, ಪ್ರತಿ ಮಂಡಳಿಯಲ್ಲಿ ಮತ್ತು ವೆಬ್‌ಸೈಟಿನಲ್ಲಿ ಲಭ್ಯ ಎಂದು ಅದು ಹೇಳುತ್ತದೆ. ವೆಬ್‌ಸೈಟಿಗೆ ಹೋದರೆ ಪತ್ರ ಇಂಗ್ಲಿಷಿನಲ್ಲಿದೆ. ಆ ಚೌಕದಲ್ಲಿ ಕೂಡ ಒಂದು ಕಡೆ ಪರಿಸರ ಅನುಮತಿ, ಇನ್ನೊಂದು ಕಡೆ ಪರಿಸರ ತೀರುವಳಿ, ಮತ್ತೊಂದು ಕಡೆ ಪರಿಸರ ವಿಮೋಚನೆ. ವಿಮೋಚನೆ ಯಾರಿಗೆ? ಪರಿಸರಕ್ಕೋ, ಪರಿಸರದ ಕಾಟದಿಂದ ಬಿಲ್ಡರಿಗೋ? ಸಂಸ್ಕೃತ ಬಲ್ಲವರು ಎರಡೂ ರೀತಿ ಬಿಡಿಸಬಹುದು.

ಆ ಪತ್ರದಲ್ಲಿ ಏನಿರುತ್ತದೆ ಎಂಬುದು ಮುಖ್ಯ. ಬಹಳ ಜನ ಅದನ್ನು ಹಸಿರು ವಿಷಯ, ಗಿಡಮರದ ವಿಷಯ ಎಂದುಕೊಂಡಿದ್ದಾರೆ. ಅದರಲ್ಲಿ ಹೆಚ್ಚುಕಡಿಮೆ ಪ್ರತಿ ಬಾರಿ ಬರುವ ಒಂದು ಷರತ್ತಿದೆ: ಕಟ್ಟಡ ಕಾರ್ಮಿಕರಿಗೆ ಸ್ಥಳದಲ್ಲೇ ವಸತಿ, ಅಡುಗೆಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವೈದ್ಯಕೀಯ ನೆರವು, ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಒದಗಿಸತಕ್ಕದ್ದು. ಇದು ದಯೆಯಲ್ಲ, ಅನುಮತಿಯ ಷರತ್ತು. ಮುರಿದರೆ ಅನುಮತಿಗೇ ಕುತ್ತು. ಈಗ ಬೆಂಗಳೂರಿನ ಯಾವುದೇ ಹಸಿರು ಬಲೆಯ ಹಿಂದೆ, ತಗಡಿನ ಸಾಲುಮನೆಗಳಲ್ಲಿ ಯಾರಿದ್ದಾರೆ ಎಂದು ನೋಡಿ. ಒಡಿಶಾ, ಬಿಹಾರ, ಬಂಗಾಳದವರ ಜೊತೆಗೆ ರಾಯಚೂರು, ಕಲಬುರಗಿ, ಯಾದಗಿರಿಯವರಿದ್ದಾರೆ. ಉಪಗ್ರಹ ಹುಡುಕಿಕೊಂಡು ಹೋದ ಅದೇ ಸೀಮೆಯವರು. ಅಜ್ಜ ಅಜ್ಜಿಯರಿಗೆ ಅಹಮದಾಬಾದಿನಿಂದ ಕನ್ನಡ ಬಂತು. ಮೊಮ್ಮಗಳಿಗೆ ತನ್ನ ಕೂಸನ್ನು ಮರಳಿನ ಗುಡ್ಡೆಯ ಮೇಲೆ ಮಲಗಿಸಬೇಕಾಗಿಲ್ಲ ಎಂಬ ಹಕ್ಕು ಬೆಂಗಳೂರಿನಲ್ಲೇ, ಹತ್ತು ಹೆಜ್ಜೆಯಾಚೆಯ ಸೈಟ್ ಆಫೀಸಿನ ಕಪಾಟಿನಲ್ಲಿ, ಇಂಗ್ಲಿಷಿನಲ್ಲಿ ಇದೆ. ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಯಾರಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ.

ಕಟ್ಟಿದ ಮೇಲೂ ಇದೇ ಕಥೆ. ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಪಾಲನೆಯ ಅರ್ಧವಾರ್ಷಿಕ ವರದಿ ಸಲ್ಲಬೇಕು. ಕೊಳಚೆ ಸಂಸ್ಕರಣಾ ಘಟಕ ಎಷ್ಟು ನೀರನ್ನು ಶುದ್ಧ ಮಾಡಬೇಕು, ಆ ನೀರು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಪತ್ರದಲ್ಲಿ ನಿಗದಿಯಾಗಿದೆ. ಘಟಕದ ಗುಂಡಿಗೆ ಇಳಿಯುವ ಕೆಲಸಗಾರ ಮಾತ್ರ ಆ ಪತ್ರ ಓದಲಾರ.

ಇನ್ನು ಅರ್ಥ ಕಳೆದುಹೋಗುತ್ತದೆ ಎಂಬ ವಾದ. ಆ ಕಟ್ಟಡ ಎದ್ದ ಜಮೀನನ್ನು ರೈತನಿಂದ ಕೊಂಡದ್ದು ಯಾವ ಭಾಷೆಯಲ್ಲಿ? ಪಹಣಿ ಕನ್ನಡದಲ್ಲಿದೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಕನ್ನಡದಲ್ಲಿ ಬರೆದಿದೆ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂದು. ಎ ಖರಾಬು ಯಾವುದು, ಬಿ ಖರಾಬು ಯಾವುದು ಎಂಬ ಕೂದಲು ಸೀಳುವ ವ್ಯತ್ಯಾಸ ಕನ್ನಡದಲ್ಲೇ ನಡೆಯುತ್ತದೆ. ಕೋಟಿಗಟ್ಟಲೆ ಬೆಲೆಯ ನೆಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಕಳೆಯದ ಅರ್ಥ, ಆ ನೆಲದ ಮೇಲೆ ಎಷ್ಟು ಶೌಚಾಲಯ ಇರಬೇಕು ಎಂದು ಬರೆಯುವಾಗ ಕಳೆದುಹೋಗುತ್ತದೆಯೇ?

ನೀರಿನ ಮಾತಿಗೆ ಬಂದರಂತೂ ವಾದ ತಲೆಕೆಳಗಾಗುತ್ತದೆ. ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣಗಳ ಪ್ರಕರಣವನ್ನೇ ತೆಗೆದುಕೊಳ್ಳಿ. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳ ಸುತ್ತ 75 ಮೀಟರ್ ತೆರವು ಬಿಡಬೇಕೆಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ನಗರದ ಮಾಸ್ಟರ್ ಪ್ಲಾನಿನ 30 ಮೀಟರನ್ನೇ ಉಳಿಸಿತು. ಇಷ್ಟೆಲ್ಲ ಇಂಗ್ಲಿಷ್ ಕಾಗದದ ನಡುವೆ ಎದ್ದು ಕಾಣುವ ಪದ ರಾಜಕಾಲುವೆ. ಇಂಗ್ಲಿಷಿಗೆ ಆ ಪದವಿಲ್ಲ, ಎರವಲು ತಂದರು. ತೂಬು, ಕೋಡಿ, ಅಚ್ಚುಕಟ್ಟು ಇವಕ್ಕೂ ಅದೇ ಗತಿ. ನಿಜವಾಗಿ ಅರ್ಥ ಮಸುಕಾಗಿರುವುದು ರಾಜಕಾಲುವೆಯನ್ನು 'ಸ್ಟಾರ್ಮ್ ವಾಟರ್ ಡ್ರೇನ್' ಎಂದು ಕರೆದಾಗ. ಕೆರೆಯಿಂದ ಕೆರೆಗೆ ನೀರು ಒಯ್ಯುವ ನಾಳ ಒಂದು ಚರಂಡಿಯಾಯಿತು. ಚರಂಡಿಯ ಮೇಲೆ ಚಪ್ಪಡಿ ಹಾಕುವುದು ಯಾರಿಗೂ ತಪ್ಪೆನಿಸುವುದಿಲ್ಲ.

ಖರ್ಚಿನ ಮಾತನ್ನೂ ಮುಗಿಸಿಬಿಡೋಣ. ಅನುಮತಿ ಪತ್ರಗಳ ಷರತ್ತುಗಳಲ್ಲಿ ಬಹುಪಾಲು ಅಚ್ಚು ಹಾಕಿದಂತೆ ಒಂದೇ. ಅವನ್ನು ಒಮ್ಮೆ ಸರಿಯಾಗಿ ಕನ್ನಡಿಸಿಟ್ಟರೆ ಸಾಕು, ಉಳಿಯುವುದು ಆಯಾ ಯೋಜನೆಯ ಕೆಲವು ಪುಟ. ಬಿಲ್ಡರನ ಕರಪತ್ರದ ಹೊಳಪು ಕಾಗದಕ್ಕಿಂತ ಅದು ಅಗ್ಗ.

ಗಟ್ಟಿಯಾದ ಆಕ್ಷೇಪಣೆ ಬರುವುದು ಮತ್ತೆ ಸ್ಯಾಟಲೈಟಿನಿಂದಲೇ. ಅಲ್ಲಿ ಫ್ಲ್ಯಾಟ್ ಕೊಂಡ ಕನ್ನಡ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಗಾಂಧಿನಗರದ ಕಚೇರಿ ನಾಳೆಯಿಂದ ಅನುಮತಿ ಪತ್ರಗಳನ್ನು ಗುಜರಾತಿಯಲ್ಲಷ್ಟೇ ಕೊಟ್ಟರೆ ಆ ಮನೆಯವರಿಗೆ ಇರುವ ಇಂಗ್ಲಿಷ್ ದಾರಿಯೂ ಮುಚ್ಚುತ್ತದೆ. ಬೆಂಗಳೂರಿಗೆ ಬಂದ ಒಡಿಶಾದ ಗಾರೆಯವನಿಗೂ ಕನ್ನಡ ಪತ್ರದಿಂದ ಉಪಕಾರವಿಲ್ಲ. ಒಪ್ಪಬೇಕಾದ ಮಾತು. ಆದ್ದರಿಂದ ಇಂಗ್ಲಿಷ್ ಹೋಗಲಿ ಎಂಬುದಲ್ಲ ಬೇಡಿಕೆ. ರಾಜ್ಯದ ಭಾಷೆಯ ಪಠ್ಯ ಇಂಗ್ಲಿಷಿನ ಪಕ್ಕದಲ್ಲಿ ಅಷ್ಟೇ ಕಾನೂನು ಬಲದೊಡನೆ ನಿಲ್ಲಲಿ, ಕಾರ್ಮಿಕರ ಷರತ್ತುಗಳು ಸ್ಥಳದಲ್ಲಿರುವ ಕಾರ್ಮಿಕರ ಭಾಷೆಗಳಲ್ಲಿ ಇರಲಿ. ಗುಜರಾತಿಗೂ ಇದು ಹೊಸ ಜಗಳವಲ್ಲ. ಹೆದ್ದಾರಿಗೆ ಜಮೀನು ಕಳೆದುಕೊಳ್ಳಲಿದ್ದ ಜುನಾಗಢದ ರೈತರ ಪ್ರಕರಣದಲ್ಲಿ, ಆ ಹಳ್ಳಿಗರಿಗೆ ಹಿಂದಿ ಪರಭಾಷೆಯಿದ್ದಂತೆ ಎಂದು ಹೇಳಿದ್ದು ಗುಜರಾತ್ ಹೈಕೋರ್ಟೇ.

ಇದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಯೂ ಇಲ್ಲ. ಕನ್ನಡ ಕರ್ನಾಟಕದ ಆಡಳಿತ ಭಾಷೆ ಎಂದು 1963ರ ಕಾಯ್ದೆ ಹೇಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ್ದು. ಅದರ ಸ್ಥಾಪನಾ ಸಮ್ಮತಿ ಕನ್ನಡದಲ್ಲಿ ಹೊರಡಬೇಕೆಂದು ವಿಧಾನಸೌಧ ತೀರ್ಮಾನಿಸಿದರೆ ತಡೆಯುವವರು ಯಾರು? ಅಂಗಡಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಂದ ಸರ್ಕಾರಕ್ಕೆ, ಅದೇ ಅಂಗಡಿ ಇರುವ ಕಟ್ಟಡದ ಸಮ್ಮತಿ ಪತ್ರದಲ್ಲಿ ಶೇಕಡ ಎಷ್ಟು ಕನ್ನಡವಿದೆ ಎಂದು ಅಳೆಯಲು ಪುರುಸೊತ್ತಾಗಿಲ್ಲ. ಬೋರ್ಡಿನ ಕನ್ನಡಕ್ಕೆ ಮೆರವಣಿಗೆ ಹೊರಡುತ್ತದೆ. ಕಡತದ ಕನ್ನಡಕ್ಕೆ ಹೊರಡುವುದಿಲ್ಲ, ಏಕೆಂದರೆ ಅದು ರಸ್ತೆಯಿಂದ ಕಾಣುವುದಿಲ್ಲ.

ರಸ್ತೆಯಿಂದ ಕಾಣುವುದು ತಗಡಿನ ಬೇಲಿ. ಅದರ ಮೇಲೆ ಹಲವು ಕಡೆ ದೊಡ್ಡ ಅಕ್ಷರದಲ್ಲಿ, ಒಂದೂ ಒತ್ತಕ್ಷರ ತಪ್ಪದೆ, ಅಪ್ಪಟ ಕನ್ನಡದಲ್ಲಿ ಬರೆದಿರುತ್ತದೆ: 'ಅತಿಕ್ರಮ ಪ್ರವೇಶ ಶಿಕ್ಷಾರ್ಹ'.