ಆರ್‌ಸಿಸಿಬಿ ಕಿತ್ತು ಹಾಕೋ ಮುಂಚೆ ಮೆಗ್ಗರ್ ಹಿಡಿಸಿ

ಮಳೆಗಾಲ ಶುರುವಾಯ್ತು ಅಂದ್ರೆ ಹಳ್ಳಿಗಳಲ್ಲಿ ಒಂದೇ ದೂರು: "ಆರ್‌ಸಿಸಿಬಿ ನಿಲ್ತಾನೇ ಇಲ್ಲ, ಎತ್ತಿದ ತಕ್ಷಣ ಬೀಳುತ್ತೆ." ಪರಿಹಾರವೂ ಒಂದೇ. ವೈರಿಂಗ್‌ನವರು ಬಂದು, ಅದನ್ನು ತಪ್ಪಿಸಿ ನೇರ ಲೈನ್ ಕೊಟ್ಟು ಹೋಗ್ತಾರೆ. ಲೈಟ್ ಉರಿಯುತ್ತೆ, ಎಲ್ಲರಿಗೂ ಸಮಾಧಾನ. ನನ್ನ ಪ್ರಕಾರ ರೈತರ ಮನೆಯಲ್ಲಿ ಇದಕ್ಕಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ.

ಲೆಕ್ಕ ನೋಡಿ. ವೈರಿನ ಹೊದಿಕೆಗೆ ಕರೆಂಟ್ ಸೋರದಂತೆ ತಡೆಯೋ ಶಕ್ತಿ ಇರುತ್ತೆ, ಅದೇ ಇನ್ಸುಲೇಷನ್ ರೆಸಿಸ್ಟೆನ್ಸ್. ಅದು 1 ಮೆಗಾಓಮ್ ಇದ್ದರೆ 230 ವೋಲ್ಟ್‌ನಲ್ಲಿ ಸೋರೋದು 0.23 ಮಿಲಿಆಂಪ್ ಮಾತ್ರ. ಇಲಿ ಕಡಿದು, ಗೋಡೆ ತೇವ ಹಿಡಿದು, ಸುಮಾರು 7,700 ಓಮ್‌ಗೆ ಇಳಿದರೆ ಸೋರಿಕೆ 30 ಮಿಲಿಆಂಪ್ ಮುಟ್ಟುತ್ತೆ. 30 ಮಿಲಿಆಂಪ್‌ನ ಆರ್‌ಸಿಸಿಬಿ ಅಷ್ಟರೊಳಗೇ ಬೀಳಬೇಕು. ಅದನ್ನು ಕಿತ್ತರೆ ಸೋರಿಕೆ ಹಾಗೇ ಇರುತ್ತೆ, ನಮಗೆ ಗೊತ್ತಾಗೋದು ನಿಲ್ಲುತ್ತೆ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಮೊದಲ ಪೆಟ್ಟು ದನಕ್ಕೆ; ನಮಗೆ ಗೊತ್ತೇ ಆಗದಷ್ಟು ವೋಲ್ಟೇಜೂ ಅದಕ್ಕೆ ತಾಗುತ್ತೆ.

ಮೊದಲು ಎಲ್ಲ ಪ್ಲಗ್ ತೆಗೆದು ಆರ್‌ಸಿಸಿಬಿ ಎತ್ತಿ ನೋಡಿ. ನಿಂತರೆ ಒಂದೊಂದೇ ಹಾಕಿ. ಯಾವುದು ಹಾಕಿದಾಗ ಬೀಳುತ್ತೋ ಅದೇ ಕಳ್ಳ. ಆಗಲೂ ಬಿದ್ದರೆ ದೋಷ ವೈರಿಂಗ್‌ನಲ್ಲಿರೋ ಸಾಧ್ಯತೆ ಹೆಚ್ಚು. ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತೆ ಅಂತ ಆರ್‌ಸಿಸಿಬಿಯನ್ನೇ ದೂರಬೇಡಿ. ಸಿಂಗಲ್ ಪೋಲ್ ಎಂಸಿಬಿ ಕತ್ತರಿಸೋದು ಫೇಸ್ ಮಾತ್ರ. ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದ್ದರೆ ಆಗಲೂ ಬೀಳಬಹುದು.

ಇಲ್ಲಿಂದ ಮುಂದೆ ಲೈಸೆನ್ಸ್ ಇರೋ ವೈರ್‌ಮನ್ ಕೆಲಸ. ಆದರೆ ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕು. ಮಲ್ಟಿಮೀಟರ್ ಸಾಲದು, ಅದು ಕೆಲವೇ ವೋಲ್ಟ್‌ನಲ್ಲಿ ಅಳೆಯುತ್ತೆ. ಮೆಗ್ಗರ್ 500 ವೋಲ್ಟ್ ಡಿಸಿ ಕೊಟ್ಟು ಅಳೆಯುತ್ತೆ. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಂಡು, ಎಲ್‌ಇಡಿ ಬಲ್ಬ್, ಇನ್ವರ್ಟರ್ ಎಲ್ಲ ಬಿಡಿಸಬೇಕು. ಇಲ್ಲದಿದ್ದರೆ ಅವು ಹಾಳಾಗಬಹುದು. ಒಂದೊಂದು ಸರ್ಕ್ಯೂಟಿನ ನ್ಯೂಟ್ರಲ್ ಕೂಡ ಬಿಚ್ಚಿ ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಫೇಸ್–ನ್ಯೂಟ್ರಲ್ ಮಧ್ಯೆ ಅಳೆಯಬೇಕು. ಕಡಿಮೆ ಬಂದ ಲೈನನ್ನು ಜಂಕ್ಷನ್ ಬಾಕ್ಸ್‌ನಲ್ಲಿ ಅರ್ಧ ಮಾಡಿ, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ ಹುಡುಕಬೇಕು. ಅಂಗಳದ ಲೈಟು, ಕೊಟ್ಟಿಗೆಯ ಸ್ವಿಚ್ ಬೋರ್ಡು, ಬಚ್ಚಲಿನ ಗೋಡೆ, ಪಂಪ್ ಶೆಡ್ಡಿಗೆ ಎಳೆದ ಟೇಪ್ ಸುತ್ತಿದ ಜಾಯಿಂಟು: ಅನುಮಾನ ಮೊದಲು ಇವುಗಳ ಮೇಲಿರಲಿ.

"ಇಷ್ಟಕ್ಕೆಲ್ಲ ಮೆಗ್ಗರ್ ಯಾಕೆ, ಖರ್ಚು" ಅನ್ನೋರಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ ಅಂತ ತೋಟಗಾರಿಕೆ ಓದಿದ ನಾವು ಹೇಳ್ತೀವಲ್ಲ, ವೈರಿಂಗ್‌ಗೂ ಅದೇ ನ್ಯಾಯ. ಒಬ್ಬರಿಗೆ ದುಬಾರಿ ಅನ್ನಿಸಿದರೆ ಊರಿನ ರೈತ ಸಂಘದಿಂದ ಒಂದು ಕೊಂಡು ವೈರ್‌ಮನ್ ಕೈಗೆ ಕೊಡಿ. ಮಳೆಗೆ ಮುಂಚೆ ಒಮ್ಮೆ, ಮಳೆ ಮಧ್ಯೆ ಒಮ್ಮೆ ಅಳೆಸಿ, ರೀಡಿಂಗ್ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ. ಬೋರ್‌ವೆಲ್ ಮೋಟರ್ ಕೇಬಲ್‌ನದ್ದೂ ಜೊತೆಗಿರಲಿ. ಅಂಕಿ ವರ್ಷದಿಂದ ವರ್ಷಕ್ಕೆ ಇಳೀತಿದ್ರೆ ಮೋಟರ್ ಸುಡೋ ಮೊದಲೇ ಎಚ್ಚರವಾಗಬಹುದು.

ವೈರ್‌ಮನ್‌ಗೆ ದುಡ್ಡು ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಎಷ್ಟು ಮೆಗಾಓಮ್ ಬಂತು?"