ನೋವಿಲ್ಲದ ಕಾಲದ ಗುಳಿಗೆ

ವಾಡಿ ಜಂಕ್ಷನ್ನಿನ ಹಳಿಯೊಂದರ ಮೇಲೆ ಗೂಡ್ಸ್ ಗಾಡಿ ನಿಂತಿದ್ದರೆ ಬೇರೊಂದು ಗಾಡಿ ಅಲ್ಲಿಗೆ ಬರಲಾರದಷ್ಟೆ. ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಗುಳಿಗೆಯ ಕೆಲಸವೂ ಇಂಥದೇ.

ಈಸ್ಟ್ರೊಜೆನ್ ಎಂಬುದು ದೇಹದಲ್ಲಿ ಸಹಜವಾಗಿ ಹುಟ್ಟುವ ಹಾರ್ಮೋನು. ಹಲವು ಸ್ತನ ಕ್ಯಾನ್ಸರುಗಳ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳುಂಟು. ಹಾರ್ಮೋನು ಅಲ್ಲಿ ಬಂದು ಕೂಡಿದರೆ ಕೋಶಕ್ಕೆ ಬೆಳೆಯುವ ಆಜ್ಞೆ ದೊರೆಯುತ್ತದೆ. 1962ರಲ್ಲಿ ಇಂಗ್ಲೆಂಡಿನಲ್ಲಿ ಡೋರಾ ರಿಚರ್ಡ್‌ಸನ್ ತಯಾರಿಸಿದ ಟಮಾಕ್ಸಿಫೆನ್ ಸ್ತನದ ಕೋಶದಲ್ಲಿ ಆ ಸ್ಥಾನವನ್ನು ತಾನೇ ಆಕ್ರಮಿಸುತ್ತದೆ. ಆಜ್ಞೆಯನ್ನು ಮಾತ್ರ ಕೊಡುವುದಿಲ್ಲ. ಲೆಟ್ರೊಜೋಲಿನ ಮಾರ್ಗ ಬೇರೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಅದು ಈಸ್ಟ್ರೊಜೆನ್ನಿನ ಉತ್ಪತ್ತಿಯನ್ನೇ ತಗ್ಗಿಸುತ್ತದೆ; ಗಾಡಿ ಹೊರಡದಂತೆಯೇ ತಡೆದ ಹಾಗೆ. ಗ್ರಾಹಕಗಳಿಲ್ಲದ ಗಡ್ಡೆಗೆ ಇವೆರಡೂ ನಿಷ್ಪ್ರಯೋಜಕ. ಆದುದರಿಂದ ಗಡ್ಡೆಯ ತುಣುಕನ್ನು ಮೊದಲು ಪರೀಕ್ಷಿಸಬೇಕು.

ನಿಂತ ಗಾಡಿ ಹೊರಟುಹೋದರೆ ಹಳಿ ತೆರವಾಗುತ್ತದೆ. ಅದಕ್ಕೆಂದೇ ಗುಳಿಗೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷ, ದಿನವೂ ಸೇವಿಸಬೇಕು. ‘ನೋವಿಲ್ಲ, ಗಡ್ಡೆಯಿಲ್ಲ, ಇನ್ನೇಕೆ ಗುಳಿಗೆ?’ ಎಂದು ನಿಲ್ಲಿಸುವುದೇ ಅಪಾಯ. ಮೈ ಬಿಸಿಯೇರಿದರೆ, ಕೀಲು ನೊಂದರೆ, ವೈದ್ಯರಿಗೆ ಹೇಳಬೇಕು; ತಾನಾಗಿ ಬಿಡಬಾರದು.

ಆದರೆ ದೋಷವೆಲ್ಲ ರೋಗಿಯದೇ? ಸೇಡಂ, ಚಿಂಚೋಳಿಗಳ ಹಳ್ಳಿಯಿಂದ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಗುಳಿಗೆ ಮುಗಿದಾಗ ಪಯಣವನ್ನು ಮುಂದೂಡುವುದು ಮನುಷ್ಯಸಹಜ. ಆದುದರಿಂದ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಸರಕಾರಿ ಆಸ್ಪತ್ರೆಗಳಲ್ಲಿಯೇ ಇದು ಒಂದು ತಿಂಗಳೂ ತಪ್ಪದೆ ದೊರೆಯಬೇಕೆಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೇ, ನಿಮ್ಮದೂ ಒಂದು ಕೆಲಸವಿದೆ. ಮನೆಯಲ್ಲಿ ತಾಯಿಯೊ ಚಿಕ್ಕಮ್ಮನೊ ಈ ಗುಳಿಗೆ ನುಂಗುತ್ತಿದ್ದರೆ, ಹಳಿಯ ಮೇಲೆ ನಿಂತ ಗಾಡಿಯ ಕಥೆಯನ್ನು ಆಕೆಗೆ ಹೇಳಿರಿ.